ದುಗ್ಗವ್ವನ ಬಂಡೆಯ ಮೇಲೆ ನಮ್ಮ ಮಣ್ಣು

ಮಂಗಳವಾರ ಬೆಳಗ್ಗೆ ಸಹಕಾರ ಸಂಘದವರು ದುಗ್ಗವ್ವನ ಒಂದು ಎಕರೆಯ ಮಣ್ಣನ್ನು ಜೆಸಿಬಿಯಲ್ಲಿ ಬಗೆದು, ಟ್ರಾಲಿಗಳಿಗೆ ತುಂಬಿ, ಊರವರ ಹೊಲಗಳಿಗೆ ಹಂಚಿದರು. ಗೇಣುದ್ದ ಬಂದಿದ್ದ ನವಣೆಯ ಪೈರು ಮಣ್ಣಿನ ಜೊತೆಗೇ ಹೋಯಿತು. ಆ ಹೊತ್ತಿನಲ್ಲಿ ದುಗ್ಗವ್ವ ಸಂಘದ ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಅರ್ಜಿಯೊಂದಕ್ಕೆ ಹೆಬ್ಬೆಟ್ಟು ಬೇಕೆಂದು ಅವಳನ್ನು ಕರೆಸಿದ್ದರು. ಅರ್ಜಿ ಬರೆದವನು ನಾನು.

ಬುಧವಾರ ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾಗಿದ್ದಾಗ ಮಣ್ಣು ಎದ್ದು ವಾಪಸು ದುಗ್ಗವ್ವನ ಹೊಲಕ್ಕೆ ಹೋಯಿತು. ನವಣೆ ಹೋಗಲಿಲ್ಲ. ಅದು ನಮ್ಮ ನಮ್ಮ ಹೊಲಗಳ ಗರಸಿನ ಮೇಲೆ ಬೇರು ಮೇಲೆ ಮಾಡಿಕೊಂಡು ಬಿದ್ದಿತ್ತು.

ನಮ್ಮೂರಲ್ಲಿ ಮಣ್ಣು ಹೋಗುವುದು ಯಾವಾಗಲೂ ಆ ಹೊತ್ತಿನಲ್ಲೇ. ಮುದ್ದೆ ಉಂಡ ಹೊಟ್ಟೆ ಭಾರವಾಗಿ ಕಣ್ಣು ಎಳೆಯುತ್ತಿರುವಾಗ, ಹೊರಗೆ ಯಾರೋ ಗಂಜಿ ಹಾಕಿದ ಸೀರೆಯ ನೆರಿಗೆ ಎಳೆದುಕೊಂಡು ನಡೆದ ಹಾಗೆ ಸದ್ದಾಗುತ್ತದೆ. ಎದ್ದು ನೋಡಲು ಯಾರಿಗೂ ಮನಸ್ಸಾಗುವುದಿಲ್ಲ. ನಮ್ಮದಲ್ಲ, ಪಕ್ಕದವರದು ಎಂದುಕೊಂಡು ಮಗ್ಗುಲು ಬದಲಿಸುತ್ತೇವೆ. ಸಂಜೆ ಹೋಗಿ ನೋಡಿದರೆ ಹೊಲ ಒಂದು ಮೊಳ ತಗ್ಗಾಗಿ, ಅಡಿಯ ಗರಸು ಹಲ್ಲು ಕಿರಿದುಕೊಂಡಿರುತ್ತದೆ. ಬದುವಿನ ಮೇಲೆ ಹೋಗುವವರು ನಿಂತು, "ಏನಪ್ಪಾ, ನಿಂದೂ ಹೋಯ್ತಾ?" ಎಂದು ಕೇಳುತ್ತಾರೆ, ಮನೆಯಲ್ಲಿ ಯಾರಿಗೋ ಜ್ವರವಂತೆ ಹೌದಾ ಎಂದು ಕೇಳುವ ದನಿಯಲ್ಲಿ.

ನಮ್ಮ ತಾತನ ಕಾಲದಲ್ಲಿ ಇದು ಹತ್ತು ವರ್ಷಕ್ಕೊಮ್ಮೆ, ಯಾರೋ ಒಬ್ಬರ ಮನೆಯಲ್ಲಿ ಆಗುತ್ತಿತ್ತಂತೆ. ಸೊಸೆ ಮುನಿಸಿಕೊಂಡು ತವರಿಗೆ ಹೋದರೆ ಹಿರಿಯರು ಹೋಗಿ ಕರೆತರುವುದಿಲ್ಲವೇ, ಮಣ್ಣಿಗೂ ಹಾಗೆಯೇ. ಹೊಲದವನು ಬರಿಗಾಲಲ್ಲಿ, ಐದು ಜನ ಹಿರಿಯರ ಜೊತೆಗೆ, ಮಣ್ಣು ಹೋಗಿ ಕೂತ ಹೊಲಕ್ಕೆ ಹೋಗಬೇಕು. ಅಲ್ಲಿ ನಿಂತು, ತಾನು ಅದಕ್ಕೆ ಏನು ಮಾಡಿದೆ ಎನ್ನುವುದನ್ನು ಬಾಯಿಬಿಟ್ಟು ಹೇಳಬೇಕು. ಸರಿಯಾಗಿ ಹೇಳಿದರೆ ಮಣ್ಣು ಮನೆಗೆ ಬರುತ್ತದೆ. ತಾತ ಒಮ್ಮೆ, "ಐದು ವರ್ಷ ಬಿಡದಂಗೆ ಹೊಗೆಸೊಪ್ಪು ಹಾಕಿದೆ ಕಣವ್ವ, ಆಸೆಬುರುಕ ನಾನು," ಅಂದನಂತೆ. ಅಷ್ಟೇ. ಮರುದಿನ ಮಧ್ಯಾಹ್ನ ಬಂತಂತೆ. ಆ ಮಾತಿಗೆ ಅಡಿಟಿಪ್ಪಣಿ ಇರಲಿಲ್ಲ, ಉಪಸಂಹಾರ ಇರಲಿಲ್ಲ. ಮೊಮ್ಮಗನಾದ ನಾನು ಅವೆರಡನ್ನೂ ಸೇರಿಸಿದೆ.

ನಾನು ಓದಿದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಅಲ್ಲಿ ನಮ್ಮ ಓದುಗರ ಬಳಗ ವಾರಕ್ಕೆರಡು ಸಲ ಸೇರುತ್ತಿತ್ತು. ಪುಸ್ತಕ ತೆರೆದರೆ ಜೋಳದ ಹಿಟ್ಟು ಉದುರುತ್ತಿತ್ತು. ಮುಚ್ಚಿದರೆ ಮೂಗಿಗೆ ಹೋಗುತ್ತಿತ್ತು. ಕೆಳಗೆ ಗಿರಣಿ ಓಡುತ್ತಿದ್ದುದರಿಂದ ಒಬ್ಬರು ಓದಿದ್ದು ಇನ್ನೊಬ್ಬರಿಗೆ ಕೇಳಬೇಕಾದರೆ ಕಿರುಚಬೇಕಿತ್ತು. ಹಾಗೆ ಹದಿನೈದು ವರ್ಷ ಕಿರುಚಿ ಓದಿದ ಮೇಲೆ ನಾವು ಬರೆಯುವುದೂ ಕಿರುಚುವ ಹಾಗೆಯೇ ಆಯಿತು. ಉಜ್ಜಿನಪ್ಪನ ಕರಪತ್ರ ಎಂದರೆ ಸುತ್ತಲಿನ ಊರುಗಳಲ್ಲಿ ಹೆಸರು. ನನ್ನ ಕರಪತ್ರ ಓದಿದವರು ಸಿಟ್ಟಿಗೇಳುತ್ತಿದ್ದರು ಎನ್ನುವುದು ನಿಜ. ಯಾರ ಮೇಲೆ ಎನ್ನುವುದು ನನಗೆ ಈಚೆಗೆ ಗೊತ್ತಾಯಿತು.

ಸಂಘದ ಮೂಲಕ ಹೈಬ್ರಿಡ್ ಜೋಳ ಬಂದ ಮೇಲೆ ಮಣ್ಣು ಹೋಗುವುದು ಹೆಚ್ಚಾಯಿತು. ಬೀಜದ ಹಿಂದೆ ಯೂರಿಯಾ ಬಂತು, ಯೂರಿಯಾದ ಹಿಂದೆ ಹುಳ, ಹುಳದ ಹಿಂದೆ ಔಷಧಿ, ಔಷಧಿಯ ಹಿಂದೆ ಕಳೆನಾಶಕ. ಮೊದಲ ಎರಡು ವರ್ಷ ತೆನೆಗಳು ಮೊಳಕೈ ಗಾತ್ರ ಬಂದವು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಅದೇ ತೆನೆಗೆ ಎರಡು ಚೀಲದ ಬದಲು ನಾಲ್ಕು ಚೀಲ ಬೇಕಾಯಿತು. ನೇಗಿಲ ಸಾಲಿನ ಹಿಂದೆ ಬರುತ್ತಿದ್ದ ಬೆಳ್ಳಕ್ಕಿಗಳು, ತಿನ್ನಲು ಏನೂ ಇಲ್ಲವೆಂದು ತಿಳಿದು, ಟ್ರಾಕ್ಟರ್ ಕಂಡರೆ ಮುಖ ತಿರುಗಿಸತೊಡಗಿದವು. ಒಂದು ಮಧ್ಯಾಹ್ನ ಕೆರೆಯ ಕೆಳಗಿನ ಹೊಲ ಹೋಯಿತು, ಮರುವಾರ ಅದರ ಪಕ್ಕದ್ದು. ಆರು ವರ್ಷದಲ್ಲಿ ಊರಿನ ಅರ್ಧ ಮಣ್ಣು ಎದ್ದು ಹೋಗಿತ್ತು. ಹೋಗಿದ್ದೆಲ್ಲ ಒಂದೇ ಕಡೆಗೆ, ಕೇರಿಯ ದುಗ್ಗವ್ವನ ಹೊಲಕ್ಕೆ.

ಊರಿಗೆ ಹೊಟ್ಟೆ ಉರಿದದ್ದು ಅಲ್ಲಿ. ಮಣ್ಣು ಹೋದದ್ದನ್ನಾದರೂ ತಡೆದುಕೊಳ್ಳಬಹುದಿತ್ತು. "ಎಲ್ಲಾದರೂ ಹೋಗ್ಲಿ, ಕೇರಿಯೋರ ಹೊಲಕ್ಕಾ?" ಎಂದು ಸಂಘದ ಅಧ್ಯಕ್ಷರಾದ ನಮ್ಮ ರುದ್ರಮುನಿ ಮಾವ ಅಂಗಡಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ದುಗ್ಗವ್ವನ ಎಕರೆ ಎಂದರೆ ಅದೊಂದು ಹಾಸುಬಂಡೆ. ಭೂಮಿ ಇಲ್ಲದವರಿಗೆ ಭೂಮಿ ಕೊಡಬೇಕೆಂದು ಸರ್ಕಾರ ಹಿಂದೊಮ್ಮೆ ಹೇಳಿದಾಗ, ಊರ ಹಿರಿಯರು ಮೇಕೆ ಕೂಡ ನಿಲ್ಲದ ಜಾಗ ಹುಡುಕಿ ಅವಳ ಗಂಡನ ಹೆಸರಿಗೆ ತೋರಿಸಿದ್ದರು. ಆ ಬಂಡೆಯ ಮೇಲೆ ಈಗ ನಮ್ಮ ಮಣ್ಣೆಲ್ಲ ಎದೆಯೆತ್ತರ ಕೂತಿತ್ತು. ಹೊಲಕ್ಕೆ ಹತ್ತಲು ದುಗ್ಗವ್ವ ನಾಲ್ಕು ಮೆಟ್ಟಿಲು ಇಟ್ಟುಕೊಂಡಿದ್ದಳು. ನಾವು ಕೆಳಗೆ ನಿಂತು ಕತ್ತೆತ್ತಿ ಅವಳನ್ನು ಮಾತಾಡಿಸಬೇಕಿತ್ತು. ಸಮಾನತೆಯ ಬಗ್ಗೆ ಹನ್ನೆರಡು ಕರಪತ್ರ ಬರೆದ ನನಗೂ ಕತ್ತು ನೋಯುತ್ತಿತ್ತು.

ಕರೆತರುವ ಶಾಸ್ತ್ರಗಳು ಶುರುವಾದವು. ಹೇಳಬೇಕಾದ್ದನ್ನು ಬರೆದುಕೊಡಲು ನನ್ನನ್ನು ಕೇಳಿದರು. ಮೊದಲ ಹೇಳಿಕೆ ಚನ್ನಬಸಪ್ಪನೆಂಬ ಪಾಪದ ಮನುಷ್ಯನದು. ನಾನು ಅದನ್ನು ವಸಾಹತು ಕಾಲದಿಂದ ಶುರು ಮಾಡಿದೆ. "ಓ ಮಣ್ಣೇ, ನಿನ್ನ ಮುನಿಸಿನ ಬೇರುಗಳು ಬಂಡವಾಳದ ಚಲನೆಯಲ್ಲಿವೆ" ಎಂದು ಅವನು ಬರಿಗಾಲಲ್ಲಿ, ಉರಿ ಬಿಸಿಲಲ್ಲಿ, ಮುಕ್ಕಾಲು ಗಂಟೆ ಓದಿದ. ಹಿರಿಯರಲ್ಲಿ ಇಬ್ಬರು ಬದುವಿನ ಮೇಲೆ ನಿದ್ದೆ ಹೋದರು. ಎಚ್ಚರವಿದ್ದ ಒಬ್ಬರು, "ಇದರಲ್ಲಿ ಚನ್ನಬಸಪ್ಪ ಮಾಡಿದ್ದು ಎಲ್ಲಿ ಬರ್ತದಪ್ಪಾ?" ಎಂದು ಕೇಳಿದರು. ಐದನೇ ಅಧ್ಯಾಯದಲ್ಲಿ ಎಂದೆ. ಮಣ್ಣು ಬರಲಿಲ್ಲ. ಬರದಿದ್ದರೆ ಹೋಗಲಿ, ನಮ್ಮ ಕಣ್ಣೆದುರಿಗೇ ಇನ್ನೊಂದು ಬೆರಳಷ್ಟು ಕುಸಿದು ಭದ್ರವಾಗಿ ಕೂತಿತು.

ಆಮೇಲೆ ಮಾವ ನನ್ನನ್ನು ಕರೆದು ಬುದ್ಧಿ ಹೇಳಿದರು. "ಅಳಿಯಾ, ಬಂಡವಾಳ ಗಿಂಡವಾಳ ಬಿಡು. ಗೊಬ್ಬರ, ಔಷಧಿ ಹೆಸರನ್ನೂ ಎತ್ತಬ್ಯಾಡ. ಅವು ಮಣ್ಣಿಗೆ ಪೌಷ್ಟಿಕ. ಡಬ್ಬದ ಮ್ಯಾಲೆ ಬರೆದೈತೆ. ಮಣ್ಣಿಗೆ ಬೇಜಾರಾಗಿರೋದು ಜನರ ನಡತೆಯಿಂದ." ಡಬ್ಬ ಮಾರುವವರು ಮಾವನೇ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ವಿಮರ್ಶೆಗೆ ಸಮಯ ಸಂದರ್ಭ ಇರುತ್ತದೆ ಎಂದು ಗಿರಣಿಯ ಮೇಲೆ ನಾವು ಒಂದಿಡೀ ಚಳಿಗಾಲ ಚರ್ಚಿಸಿದ್ದೆವು.

ಅಲ್ಲಿಂದ ಊರವರು ನಡತೆ ಹೇಳತೊಡಗಿದರು. ಒಬ್ಬ, ಅಣ್ಣನ ಹೊಲದ ಗಡಿಕಲ್ಲನ್ನು ವರ್ಷಕ್ಕೆ ಒಂದು ಹೆಜ್ಜೆಯಂತೆ ಸರಿಸಿದ್ದೇನೆ ಎಂದ. ಐದು ಹಿರಿಯರಲ್ಲಿ ಒಬ್ಬರು ಆ ಅಣ್ಣ. ಶಾಸ್ತ್ರ ಅಲ್ಲಿಗೇ ನಿಂತು ಇಬ್ಬರನ್ನೂ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಇನ್ನೊಬ್ಬ, ಪಕ್ಕದೂರಿನ ಬಳೆ ಅಂಗಡಿಯವಳ ಜೊತೆಗಿನ ಇಪ್ಪತ್ತು ವರ್ಷದ ಸ್ನೇಹವನ್ನು ಕಣ್ಣೀರಿಟ್ಟುಕೊಂಡು ಹೇಳಿದ. ಅವನ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. ತಟ್ಟೆ ಅವನ ಬೆನ್ನಿಗೆ ಬಿತ್ತು. ಮೂರು ಮನೆ ಭಾಗವಾದವು, ಎರಡು ಮದುವೆ ಮುರಿದವು, ಒಬ್ಬ ಪೂಜಾರಿ ಊರು ಬಿಟ್ಟ. ಈ ಹೇಳಿಕೆಗಳನ್ನೆಲ್ಲ ಬರೆದವನು ನಾನೇ. ಬಳೆ ಅಂಗಡಿಯ ಪ್ರಸಂಗದಲ್ಲಿ ಬಳೆಗಳ ಸದ್ದಿನ ವರ್ಣನೆಯೊಂದನ್ನು ನಾನಾಗಿ ಸೇರಿಸಿದ್ದೆ. ಹೆಂಡತಿಗೆ ಹೆಚ್ಚು ಸಿಟ್ಟು ಬರಿಸಿದ್ದು ಅದೇ ಎಂದು ಆಮೇಲೆ ತಿಳಿಯಿತು. ಮಣ್ಣು ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಕದಲಲಿಲ್ಲ. ಒಬ್ಬನೂ ಗೊಬ್ಬರದ ಚೀಲದ ಹೆಸರು ಎತ್ತಲಿಲ್ಲ. ಅದನ್ನು ಮಾರುವ ಸಂಘದ ಕಿಟಕಿಯ ಮುಂದೆ ಮಾತ್ರ ಸಾಲು ಹಾಗೆಯೇ ಇತ್ತು. ಅರ್ಧ ಮಣ್ಣು ಹೋಗಿದೆಯೆಂದು ಉಳಿದರ್ಧಕ್ಕೆ ಎರಡರಷ್ಟು ಹಾಕುತ್ತಿದ್ದರು.

ನನ್ನ ಮಣ್ಣೂ ಹೋಯಿತು, ಹೋದ ವರ್ಷ. ಅದರ ಹಿಂದಿನ ವಾರ ಏನಾಯಿತೆಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಏಳೆಂಟು ತಿಂಗಳ ಮೇಲೆ ಬಂದ ನನ್ನ ಸರದಿಯ ದಿನ ದುಗ್ಗವ್ವನ ಹೊಲದ ಮುಂದೆ ನಿಂತು, ನಾನು ಮಧ್ಯಮವರ್ಗದ ದ್ವಂದ್ವಗಳಿಗೆ ಬಲಿಯಾದವನು ಎಂದು ಆತ್ಮವಿಮರ್ಶೆ ಓದಿದೆ. ಬಳಗದವರು ಚಪ್ಪಾಳೆ ತಟ್ಟಿದರು. ಮನೆಗೆ ಬಂದರೆ ನನ್ನ ಹೆಂಡತಿ ನೀಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು. "ಬಂತೇನ್ರೀ?" ಅಂದಳು. ಬರಲಿಲ್ಲ ಎಂದೆ. "ನಿಮ್ಮ ಭಾಷಣ ಕೇಳಿ ಕೇಳಿ ನಾನೇ ಎಂದೋ ಎದ್ದು ಹೋಗಬೇಕಿತ್ತು. ಮಣ್ಣಿಗೆ ಬುದ್ಧಿ ಇತ್ತು, ಹೋಯ್ತು," ಅಂದಳು. ಅವರೆಕಾಯಿ ಎಲ್ಲಿಯದು ಎಂದು ಕೇಳಿದೆ. "ನಿಮ್ಮ ಮಣ್ಣಲ್ಲೇ ಬೆಳೆದಿದ್ದು. ದುಗ್ಗವ್ವ ಕೊಟ್ಟಳು." ಸಾರು ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಇನ್ನು ಅರ್ಜಿಯ ವಿಷಯ. ಸೋಮವಾರ ಮಾವ ಬಂದು, "ದುಗ್ಗವ್ವನ ಹೊಲಕ್ಕೆ ಪಹಣಿ ಮಾಡಿಸಿಕೊಡೋಣ ಅಂತ ಸಂಘ ತೀರ್ಮಾನ ಮಾಡೈತೆ. ಅವಳ ಪರವಾಗಿ ಒಂದು ಅರ್ಜಿ ಬರಿ. ನೀನೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸ್ಕೋ," ಎಂದರು. ನನಗೆ ಕಣ್ಣು ತುಂಬಿ ಬಂತು. ಹೋರಾಟಕ್ಕೆ ಸಿಕ್ಕ ಜಯ ಎಂದು ರಾತ್ರಿಯೆಲ್ಲ ಕೂತು ಹನ್ನೊಂದು ಪುಟ ಬರೆದೆ. ಮಂಗಳವಾರ ಬೆಳಗ್ಗೆ ಸಂಘದ ಕಟ್ಟೆಯ ಮೇಲೆ ಅದನ್ನು ದುಗ್ಗವ್ವನಿಗೆ ಓದತೊಡಗಿದೆ. ನಾಲ್ಕನೇ ಪುಟಕ್ಕೆ ದೂರದಲ್ಲಿ ಜೆಸಿಬಿಯ ಸದ್ದು ಕೇಳಿತು. ಗಿರಣಿಯ ಅಭ್ಯಾಸದಿಂದ ನಾನು ದನಿ ಏರಿಸಿ ಮುಂದುವರಿದೆ. ಏಳನೇ ಪುಟದಲ್ಲಿ ಅವಳು, "ಸಾಕು ಬುದ್ಧಿ, ಎಲ್ಲಿ ಒತ್ತಲಿ?" ಎಂದಳು. ಬುದ್ಧಿ ಅನ್ನಬೇಡ, ಸಂಗಾತಿ ಅನ್ನು ಎಂದು ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದೆ. "ಆಗ್ಲಿ ಸಂಗಾತಿ ಬುದ್ಧಿ," ಎಂದಳು. ಇನ್ನೂ ನಾಲ್ಕು ಪುಟ ಇದೆ, ನಿನ್ನ ಹಕ್ಕು ನಿನಗೆ ಗೊತ್ತಾಗಬೇಕು ಎಂದು ಪೂರ್ತಿ ಓದಿದೆ. ಅರ್ಜಿ ಒಂದೇ ಪುಟ ಇದ್ದಿದ್ದರೆ ಅವಳು ಹೊಲಕ್ಕೆ ಹೋಗಿ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಮಾವನಿಗೆ ನನ್ನ ಬರವಣಿಗೆಯ ಮೇಲೆ ಎಷ್ಟು ನಂಬಿಕೆ ಇತ್ತೆಂಬುದು ಅಂದು ನನಗೆ ಅರ್ಥವಾಯಿತು.

ಮಣ್ಣು ತಾನಾಗಿ ವಾಪಸು ಹೋದ ಮರುದಿನ, ಗುರುವಾರ ಬೆಳಗ್ಗೆ, ಮಾವ ಹೊಸ ದಾರಿ ಕಂಡುಕೊಂಡು ಬಂದರು. ಹೊಸದೇನಲ್ಲ, ಹಳೆಯ ಕಟ್ಟಳೆಯೊಂದನ್ನು ಯಾರೋ ಮುದುಕರು ನೆನಪು ಮಾಡಿಕೊಟ್ಟಿದ್ದರು. ಮಣ್ಣು ಯಾರ ಹೊಲಕ್ಕೆ ಹೋಗಿ ಕೂತಿದೆಯೋ ಆ ಹೊಲದವರು ಆ ಮಣ್ಣಿಗೆ ಬಾಯಿಬಿಟ್ಟು 'ಹೋಗು' ಅಂದರೆ, ಅದು ಒಂದು ಗಳಿಗೆಯೂ ಇರುವಂತಿಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಎಲ್ಲರ ಮಣ್ಣೂ ಒಟ್ಟಿಗೆ ಎದ್ದು ಅವರವರ ಹೊಲಕ್ಕೆ ಹೋಗುತ್ತದೆ, ಮತ್ತೆ ಅಲ್ಲಿಗೆ ಬರುವುದಿಲ್ಲ. ಹಾಗೆ ಯಾರಾದರೂ ಅಂದದ್ದು ಮಾತ್ರ ಯಾರ ನೆನಪಿನಲ್ಲೂ ಇರಲಿಲ್ಲ.

"ನೀನು ಹೋಗಿ ಹೇಳು ಅಳಿಯಾ. ನೀನು ಅವರ ಕಡೆಯವನು, ನಿನ್ನ ಮಾತು ಕೇಳ್ತಾಳೆ. 'ಹೋಗು' ಅಂದರೆ ಸಂಘದ ಸದಸ್ಯತ್ವ ಕೊಡ್ತೀವಿ. ಅನ್ನದಿದ್ರೆ ಅವಳ ಹೊಲದ ದಾರಿ ಐತಲ್ಲ, ಅದು ಸಂಘದ ಜಾಗ. ನಾಳೆ ತಂತಿ ಎಳೀತೀವಿ. ಹಕ್ಕಿ ಥರ ಹಾರ್ಕೊಂಡು ಹೋಗ್ಲಿ ಹೊಲಕ್ಕೆ."

ನನಗೆ ಬರಬೇಕಾದಷ್ಟು ಸಿಟ್ಟು ಬಂತು. ಅದನ್ನು ಕರಪತ್ರದಲ್ಲಿ ಬರೆಯೋಣ ಎಂದುಕೊಂಡು, ಚಪ್ಪಲಿ ಹಾಕಿಕೊಂಡು, ಹೊರಟೆ. ದಾರಿಯಲ್ಲಿ ನನಗೆ ನಾನೇ ವಾದ ಕಟ್ಟಿಕೊಂಡೆ: ಈ ಹೊತ್ತಿನಲ್ಲಿ ರೈತರ ಒಗ್ಗಟ್ಟು ಮುಖ್ಯ, ಒಬ್ಬರ ಹೊಲ ಎಲ್ಲರ ಹೊಲಕ್ಕಿಂತ ದೊಡ್ಡದಲ್ಲ, ದಾರಿ ಮುಚ್ಚಿದರೆ ಅವಳಿಗೇ ಕಷ್ಟ. ಇದೆಲ್ಲದರ ಅಡಿಯಲ್ಲಿ, ನನ್ನ ಎರಡೂವರೆ ಎಕರೆಯ ಕೆಂಪು ಮಣ್ಣು ಮನೆಗೆ ಬರುತ್ತದೆ ಎಂಬ ಆಸೆ ಬೆಚ್ಚಗೆ ಕೂತಿತ್ತು.

ದುಗ್ಗವ್ವ ಸೀರೆ ಎತ್ತಿಕಟ್ಟಿ ಮತ್ತೆ ಬಿತ್ತುತ್ತಿದ್ದಳು. ಮಡಿಲಲ್ಲಿ ನವಣೆ, ನಡುನಡುವೆ ತೊಗರಿ, ಅಂಚಿಗೆ ಹುಚ್ಚೆಳ್ಳು. ಅರವತ್ತರ ಮೇಲಾದ ಹೆಂಗಸು, ಒಂದು ಕೈ ಸೊಂಟದ ಮೇಲೆ. ನಾನು ನಾಲ್ಕು ಮೆಟ್ಟಿಲು ಹತ್ತಿದೆ. "ಚಪ್ಪಲಿ ಕೆಳಗೆ ಬಿಡ್ರಿ," ಅಂದಳು ತಲೆ ಎತ್ತದೆ. ಬಿಟ್ಟು ಬಂದೆ. ಕಾಲಿಟ್ಟರೆ ಹಿಮ್ಮಡಿ ಹೂತಿತು. ನನ್ನ ಹೊಲದಲ್ಲಿ ನನ್ನ ಕಾಲು ಎಂದೂ ಹೀಗೆ ಹೂತಿರಲಿಲ್ಲ. ತಣ್ಣಗಿತ್ತು. ಬೆರಳ ಸಂದಿಯಲ್ಲಿ ಏನೋ ಹರಿದಾಡಿತು, ಎರೆಹುಳು. ಆ ಮಣ್ಣಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ, ನನಗಂತೂ ಅದರ ಗುರುತು ಸಿಗಲಿಲ್ಲ.

"ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀಯ ದುಗ್ಗವ್ವ," ಎಂದೆ. "ನಿಮ್ಮಂಥವರಿಂದಲೇ ಸುಸ್ಥಿರ ಕೃಷಿ..."

"ಅದೇನೋ ನನಗೆ ಗೊತ್ತಿಲ್ಲ. ನನ್ನ ಗಂಡ, ನಾನು ಕೆರೆಯ ಗೋಡುಮಣ್ಣು ಪುಟ್ಟೀಲಿ ಹೊತ್ತು ಬಂಡೆ ಮ್ಯಾಲೆ ಸುರಿದ್ವಿ. ಕುರಿಯೋರ ಕಾಲು ಹಿಡಿದು ಮಂದೆ ನಿಲ್ಲಿಸಿದ್ವಿ. ತಂಗಡಿ ಸೊಪ್ಪು, ಹೊಂಗೆ ಸೊಪ್ಪು ತುಳಿದ್ವಿ. ಹನ್ನೆರಡು ವರ್ಷಕ್ಕೆ ಒಂದು ಗೇಣು ಮಣ್ಣಾಯ್ತು. ಅವನು ಹೋದ. ಆಮ್ಯಾಲೆ ನಿಮ್ಮದೆಲ್ಲ ಬಂದು ಕೂತ್ಕೊಂತು."

"ಔಷಧಿ ಗೊಬ್ಬರ ಬೇಡವೆಂದು ನೀನೇ ನಿರ್ಧಾರ ಮಾಡಿದೆಯಲ್ಲ, ಅದು ದೊಡ್ಡದು." ನನ್ನ ತಲೆಯಲ್ಲಿ ಆಗಲೇ ಕರಪತ್ರದ ಮೊದಲ ಸಾಲು ಮೂಡುತ್ತಿತ್ತು.

ದುಗ್ಗವ್ವ ನಕ್ಕಳು. "ನಾನೆಲ್ಲಿ ಬ್ಯಾಡ ಅಂದೆ? ಮೂರು ಸಲ ಹೋದೆ ಸಂಘದ ಕಿಟಕಿಗೆ. ಪಹಣಿ ಇಲ್ಲ, ಸದಸ್ಯೆ ಅಲ್ಲ, ಹೋಗು ಅಂದ್ರು. ನಾಲ್ಕನೇ ಸಲ ಕಿಟಕೀನೇ ಹಾಕ್ಕೊಂಡ್ರು. ಕೊಟ್ಟಿದ್ರೆ ನಾನೂ ಸುರೀತಿದ್ದೆ. ಈ ಸೊಂಟಕ್ಕೆ ಸೊಪ್ಪು ಹೊರೋದು ಸುಲಭ ಅಂದ್ಕೊಂಡ್ರಾ?"

ಕರಪತ್ರದ ಮೊದಲ ಸಾಲು ಅಲ್ಲಿಗೇ ಸತ್ತಿತು. ನಾನು ಬಂದ ಕೆಲಸ ಹೇಳಿದೆ. ಒಗ್ಗಟ್ಟು, ಸದಸ್ಯತ್ವ, ದಾರಿ, ತಂತಿ ಎಲ್ಲವನ್ನೂ ಹೇಳಿದೆ. ಒಂದು ಮಾತು ಅಷ್ಟೇ, 'ಹೋಗು' ಅಂದುಬಿಡು ಎಂದೆ. ಅವಳು ಬಿತ್ತುವುದು ನಿಲ್ಲಿಸಲಿಲ್ಲ. ನಾನು ಸಾಲಿನ ಪಕ್ಕ ಪಕ್ಕದಲ್ಲೇ ನಡೆಯುತ್ತ ಮಾತಾಡಬೇಕಾಯಿತು. ಸಾಲು ಮುಗಿದ ಮೇಲೆ ನಿಂತಳು.

"ನಿಮ್ಮ ಮಣ್ಣು ಅಗೋ ಆ ಮೂಲೇಲಿ ಐತೆ, ಕೆಂಪಗೆ. ಹೋದ ವರ್ಷ ಬಂದಾಗ ಕೈಯಲ್ಲಿ ಹಿಡಿದ್ರೆ ಬೂದಿ ಆಗಿತ್ತು. ಒಂದು ಮಳೆಗಾಲ ಏನೂ ಹಾಕದಂಗೆ ಮಲಗಿಸಿದ್ದೆ. ಏನು ಮಾಡಿದ್ರಿ ಅದಕ್ಕೆ?"

"ನಾನು ಆಗಲೇ ಓದಿದ್ದೆನಲ್ಲ, ಮಧ್ಯಮವರ್ಗದ..."

"ಓದಿದ್ದು ಬ್ಯಾಡ. ಮಾಡಿದ್ದು ಹೇಳ್ರಿ."

ಅಷ್ಟರಲ್ಲಿ ಮಾವ ಮತ್ತು ನಾಲ್ವರು ಹಿರಿಯರು ಬಂದು ಕೆಳಗೆ ದಾರಿಯಲ್ಲಿ ನಿಂತಿದ್ದರು. ಅವರ ಹಿಂದೆ ಮುಳ್ಳುತಂತಿಯ ಸುರುಳಿ ಹೊತ್ತ ಟ್ರಾಕ್ಟರ್ ಇತ್ತು. ನಾಳೆ ಎಂದವರು ಇವತ್ತೇ ತಂದಿದ್ದರು. ನಾನು ಜೇಬಿಗೆ ಕೈ ಹಾಕಿದೆ. ಕಾಗದ ಇರಲಿಲ್ಲ. ಬರೆದುಕೊಳ್ಳದೆ ನಾನು ಮಾತಾಡಿ ಎಷ್ಟು ವರ್ಷವಾಗಿತ್ತೋ.

"ಹೋದ ವರ್ಷ ಆಷಾಢದಲ್ಲಿ," ಎಂದೆ, "ಹೊಲದಲ್ಲಿ ಕಳೆ ಬಂದಿತ್ತು. ಕೀಳಿಸಲು ಮೂರು ದಿನ ಬೇಕಿತ್ತು. ನನಗೆ ಸಮಯ ಇರಲಿಲ್ಲ. ಸಂಘದಿಂದ ಎರಡು ಡಬ್ಬ ಕಳೆನಾಶಕ ತಂದು ನಾನೇ ಹೊಡೆದೆ. ಬೇಗ ಸಾಯಲಿ ಎಂದು ಹೇಳಿದ್ದಕ್ಕಿಂತ ಎರಡು ಪಾಲು ಹಾಕಿದೆ. ಮುಗಿಸುವ ಹೊತ್ತಿಗೆ ಎರೆಹುಳುಗಳು ಮೇಲೆ ಬಂದು ಹೊರಳಾಡತೊಡಗಿದವು. ನೋಡಿದೆ. ಬಸ್ಸಿಗೆ ಹೊತ್ತಾಗಿತ್ತು. ಹೋದೆ."

"ಎಲ್ಲಿಗೆ ಅಂಥ ಅವಸರ?"

ಮಾವನ ಕಡೆ ಒಮ್ಮೆ ನೋಡಿದೆ. ಹೇಳಿದೆ. "ಮಣ್ಣು ಉಳಿಸುವ ಬಗ್ಗೆ ವಿಚಾರಗೋಷ್ಠಿ ಇತ್ತು. ನಾನು ಮುಖ್ಯ ಭಾಷಣಕಾರ."

ಕೆಳಗೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ದುಗ್ಗವ್ವ ನಗಲಿಲ್ಲ. ಮೂಲೆಯ ಕಡೆ ನೋಡಿದಳು. ಅಲ್ಲಿ ಕೆಂಪು ಮಣ್ಣು, ಬಟ್ಟೆಯೊಳಗೆ ಮಲಗಿದ ಮಗು ಮಗ್ಗುಲು ಬದಲಿಸಿದ ಹಾಗೆ, ಒಮ್ಮೆ ಉಬ್ಬಿ ಇಳಿಯಿತು. ಆಮೇಲೆ ಹಿಡಿಯಷ್ಟು, ಬೊಗಸೆಯಷ್ಟು, ಮೆಟ್ಟಿಲ ಅಂಚಿಗೆ ಬಂದು, ಒಂದೊಂದೇ ಮೆಟ್ಟಿಲು ಉರುಳಿ ದಾರಿಗೆ ಇಳಿಯಿತು. ಹೊತ್ತು ಮಧ್ಯಾಹ್ನ ಕೂಡ ಆಗಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಮಣ್ಣು ನಡೆದದ್ದನ್ನು ನಾನು ಮೊದಲ ಸಲ ನೋಡಿದೆ. ಹಿರಿಯರಲ್ಲಿ ಒಬ್ಬರು ಸರಸರನೆ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಮಾಡಿಕೊಟ್ಟರು.

"ಕಂಡ್ರಾ?" ಎಂದಳು ದುಗ್ಗವ್ವ. "ನಾನು ಏನೂ ಹಿಡಿದಿಟ್ಟಿಲ್ಲ. ಒಬ್ಬೊಬ್ಬರೇ ಮ್ಯಾಲೆ ಬನ್ನಿ. ಏನು ಸುರಿದ್ರಿ, ಎಷ್ಟು ಸುರಿದ್ರಿ, ಅಷ್ಟು ಹೇಳಿ. ಬರೋದಾದ್ರೆ ಬರುತ್ತೆ, ಕರ್ಕೊಂಡು ಹೋಗಿ. ನನ್ನ ಹಳೇ ಒಂದು ಗೇಣು ನನಗುಳಿದರೆ ಸಾಕು."

ಚಪ್ಪಲಿ ಬಿಟ್ಟ ಹಿರಿಯರು ಒಂದು ಮೆಟ್ಟಿಲು ಹತ್ತಿಯೇ ಬಿಟ್ಟರು. ಮಾವ ಅವರ ಪಂಚೆಯ ಚುಂಗು ಹಿಡಿದು ಕೆಳಗೆ ಎಳೆದರು. ಒಬ್ಬರು ಡಬ್ಬದ ಹೆಸರು ಹೇಳಿದರೆ ಇಡೀ ಊರು ಹೇಳುತ್ತದೆ. ಊರು ಹೇಳಿದ ಮೇಲೆ ಸಂಘದ ಕಿಟಕಿಗೆ ಯಾರು ಬರುತ್ತಾರೆ? ಮಾವನ ಮುಖದಲ್ಲಿ ಅದೆಲ್ಲ ಒಂದಾದ ಮೇಲೊಂದು ಓಡಿತು.

"ನಾನು ನಿನ್ನ ಹೊಲಕ್ಕೆ ಬಂದು, ನಿನ್ನ ಮುಂದೆ ನಿಂತು ಹೇಳ್ಬೇಕಾ? ಏ ದುಗ್ಗೀ, ಜಾಸ್ತಿ ಆಯ್ತು ನಿಂದು. ಒಂದು ಮಾತು. 'ಹೋಗು' ಅನ್ನು, ಎಲ್ಲಾ ಒಟ್ಟಿಗೆ ಬರ್ಲಿ. ಇಲ್ದಿದ್ರೆ ಈಗಲೇ ತಂತಿ ಇಳಿಸ್ತೀನಿ."

ಟ್ರಾಕ್ಟರಿನವನು ಸುರುಳಿಗೆ ಕೈ ಹಾಕಿದ. ಮಾವ ನನ್ನ ಕಡೆ ತಿರುಗಿ, "ಹೇಳೋ, ನೀನಾದ್ರೂ ಹೇಳು ಅವಳಿಗೆ," ಎಂದು ಗದರಿದರು. ಇಲ್ಲಿ ನಾನು ಮಾವನ ಮುಖಕ್ಕೆ ಹೊಡೆದ ಹಾಗೆ ಏನಾದರೂ ಅಂದೆ ಎಂದು ಬರೆಯುವ ಆಸೆ ನನಗೆ ಬಹಳ ಇದೆ. ಬಳಗದಲ್ಲಿ ಈ ಕಥೆಯನ್ನು ಎರಡು ಸಲ ಹಾಗೆಯೇ ಹೇಳಿದ್ದೇನೆ. ಆದರೆ ನನ್ನ ಮಣ್ಣು ಮುಕ್ಕಾಲು ಪಾಲು ಇನ್ನೂ ಆ ಮೂಲೆಯಲ್ಲೇ ಇತ್ತು. ತಂತಿ ಇಳಿದರೆ ಅದಕ್ಕೆ ದಾರಿ ಸಿಗುತ್ತದೋ ಇಲ್ಲವೋ ಎಂದು ನನಗೆ ದಿಗಿಲಾಯಿತು. "ಹೇಳಿಬಿಡು ದುಗ್ಗವ್ವ," ಎಂದೆ. ನನ್ನ ಬಾಯಿಂದ ಬಂದ ಅತಿ ಚಿಕ್ಕ ಭಾಷಣ ಅದು.

ಅವಳು ನನ್ನನ್ನು ನೋಡಿದ್ದು ಸಿಟ್ಟಿನಿಂದಲ್ಲ. ಎಷ್ಟು ಹೊತ್ತು ತಡೆಯುತ್ತಾನೆ ನೋಡೋಣ ಎಂದು ಕಾದಿದ್ದವಳ ಹಾಗೆ ನೋಡಿದಳು. ಮಡಿಲ ನವಣೆಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಹೊಲದ ಅಂಚಿಗೆ ಬಂದು, ಮಾವನ ತಲೆಯ ನೇರಕ್ಕೆ ಮೇಲೆ ನಿಂತಳು.

"ತಂತಿ ಇಳಿಸ್ರಿ ಗೌಡ್ರೆ. ಬಂಡೆ ಹತ್ತಿ ಬರೋದು ನನಗೆ ಹೊಸದಲ್ಲ. ಆ ಮಾತು ಐತಲ್ಲ, ನಿಮ್ಮ ಬಾವೀಲಿ ಕೇಳಿದೀನಿ, ನಿಮ್ಮ ಜಗಲೀಲಿ ಕೇಳಿದೀನಿ, ಸಂಘದ ಕಿಟಕೀಲಿ ಕೇಳಿದೀನಿ. ಕೇಳಿದವಳಿಗೆ ಗೊತ್ತು ಅದು ಹೆಂಗಿರುತ್ತೆ ಅಂತ. ನೀವು ಹೊರಗೆ ಹಾಕಿದ್ದು ನನ್ನ ಹತ್ರ ಬಂದು ಕೂತೈತೆ. ಅದಕ್ಕೆ ನಾನು ಆ ಮಾತು ಹೇಳಲ್ಲ."